ಜರ್ಮನ್ ಬದಿ, ಇಂಗ್ಲಿಷ್ ಬದಿ

ಅಳ್ನಾವರದ ಸ್ಟೇಶನ್ನಿನ ಹೊರಗೆ ನಮ್ಮಪ್ಪನ ಚಹಾದಂಗಡಿ ಇತ್ತು. ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಘಟ್ಟದ ಕಡೆ ಗುಡ್ಡ ಜರಿದು, ಗೋವಾಕ್ಕೆ ಹೋಗುವ ಗಾಡಿ ನಮ್ಮೂರಲ್ಲೇ ನಿಂತುಬಿಟ್ಟಿತು. ಉಳಿದ ಮಂದಿ ಬಸ್ಸು, ಲಾರಿ ಹಿಡಿದು ತಮ್ಮ ತಮ್ಮ ದಾರಿ ನೋಡಿಕೊಂಡರು. ಒಬ್ಬ ವಿದೇಶಿ ಗಂಡಸು, ಒಬ್ಬ ಹೆಂಗಸು ಮಾತ್ರ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಉಳಿದರು. ಹೆಂಗಸಿನ ಮೈ ಜ್ವರದಿಂದ ಹಂಚಿನ ಹಾಗೆ ಕಾದಿತ್ತು. ಅಪ್ಪ ಇಬ್ಬರನ್ನೂ ಮನೆಗೆ ಕರೆತಂದ. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಅವ್ವ ಮಾತ್ರ, "ಯಾವ ದೇಶದಾಕಿ ಆದ್ರೇನು, ಜ್ವರ ಬಂದೈತಿ" ಎಂದು ಕಂಬಳಿ ಹಾಸಿ, ಗಂಜಿ ಕಾಸಿ ಕುಡಿಸಿದಳು. ಹಳಿ ದುರಸ್ತಿಯಾಗುವವರೆಗೆ ಅವರು ನಮ್ಮಲ್ಲೇ ಇದ್ದರು.

ಹೊರಡುವ ದಿನ ಆ ಹೆಂಗಸು ತನ್ನ ಚೀಲದಿಂದ ಒಂದು ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟಳು. ಒಂದು ಬದಿಯನ್ನು ತೋರಿಸಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮತ್ತೊಂದು ಬದಿ ತಿರುಗಿಸಿ ನಮ್ಮೆಲ್ಲರ ಕಡೆ ಕೈ ಮಾಡಿದಳು. ಈ ಬದಿ ನನ್ನದು, ಈ ಬದಿ ನಿಮ್ಮದು ಎಂದು ಹೇಳಿದಳೆಂದು ಅವ್ವ ಅರ್ಥ ಮಾಡಿದಳು. ಅದು ಸರಿಯಾದ ಅರ್ಥವೇ ಆಗಿತ್ತೆಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಬಾಜೂಕಿನ ಮನೆಯ ಚಾಚಾ ಟೇಲರ್. ಅವರ ಅಂಗಡಿಯಲ್ಲಿ ಇತ್ತು. ಅವರ ಮಗಳು ನನ್ನ ಓರಗೆಯವಳು, ನನ್ನ ಜೀವದ ಗೆಳತಿ. ಶುಕ್ರವಾರ ಮಧ್ಯಾಹ್ನ ಚಾಚಾ ನಮಾಜಿಗೆ ಹೋದಾಗ ಅಂಗಡಿ ಕಾಯುವ ಕೆಲಸ ನಮ್ಮಿಬ್ಬರದು. ಆಗ ಕವಾಲಿಯ ಕ್ಯಾಸೆಟ್ ಹೊರಗೆ ಬಂದು ನಮ್ಮದು ಒಳಗೆ ಹೋಗುತ್ತಿತ್ತು. ಎರಡೂ ಬದಿಯಲ್ಲಿ ಒಬ್ಬಳೇ ಗಾಯಕಿ, ಅವೇ ರಾಗಗಳು, ಮಾತು ಮಾತ್ರ ಬೇರೆ. ಒಂದು ಬದಿ ಇಂಗ್ಲಿಷ್ ಇರಬೇಕೆಂದು ಒಂದೆರಡು ಶಬ್ದಗಳಿಂದ ಊಹೆ ಮಾಡಿದೆವು. ಮತ್ತೊಂದು ಯಾವುದೋ ಕೆಟ್ಟುಹೋದ ಇಂಗ್ಲಿಷ್ ಎಂದುಕೊಂಡೆವು. ಅದು ಜರ್ಮನ್ ಎಂದು ಹೇಳಿದವರು ಸ್ಟೇಶನ್ ಮಾಸ್ತರರು. ಕ್ಯಾಸೆಟ್ಟಿನ ಮೇಲೆ ಕೈಬರಹದಲ್ಲಿದ್ದುದನ್ನು ಓದಿ ಹೇಳಿದರು.

ಅದರಲ್ಲಿ ಮೂರನೆಯ ಹಾಡೆಂದರೆ ನಮಗೆ ಜೀವ. ಜರ್ಮನ್ ಬದಿಯಲ್ಲಿ ಅದರ ಪಲ್ಲವಿ ನಮ್ಮ ಕಿವಿಗೆ "ಇಷ್ಟ್ ಬೆಳೀ ಬೇ ಹೀರಿ" ಎಂದು ಕೇಳುತ್ತಿತ್ತು. ಯಾವಳೋ ಹೆಂಗಸು ಹಿತ್ತಲಿನ ಹೀರೆಬಳ್ಳಿಯ ಮುಂದೆ ನಿಂತು, ಇಷ್ಟುದ್ದ ಬೆಳಿಯೇ ತಾಯಿ ಎಂದು ಬೇಡಿಕೊಳ್ಳುತ್ತಿದ್ದಾಳೆ! ಗೆಳತಿ ಚಾಚಾನ ಅಳತೆಪಟ್ಟಿ ಹಿಡಿದು, ಇಷ್ಟು, ಇಷ್ಟು ಎಂದು ಕೈ ಅಗಲಿಸುತ್ತ ಕುಣಿಯುತ್ತಿದ್ದಳು. ನಾನು ಬಟ್ಟೆಯ ಗಂಟಿನ ಮೇಲೆ ಬಿದ್ದು ನಗುತ್ತಿದ್ದೆ.

ಇಂಗ್ಲಿಷ್ ಬದಿ ಮೆಲ್ಲಗೆ ತಿಳಿಯತೊಡಗಿದ್ದು ಹೈಸ್ಕೂಲಿಗೆ ಬಂದ ಮೇಲೆ. ಅದರ ಪ್ರಕಾರ ಮೂರನೆಯ ಹಾಡಿನಲ್ಲಿ ಹೀರೇಕಾಯಿ ಇರಲಿಲ್ಲ. ಪ್ರೀತಿಸಿದವನು ರೈಲು ಹತ್ತಿ ದೂರ ಹೋಗಿದ್ದಾನೆ. ಅವಳು ಕಿಟಕಿಯಲ್ಲಿ ದೀಪವಿಟ್ಟುಕೊಂಡು ಅವನಿಗಾಗಿ ಕಾಯುತ್ತಿದ್ದಾಳೆ. ಎಷ್ಟು ಚಳಿಗಾಲ ಕಳೆದರೂ ಕಾಯುತ್ತೇನೆ ಎನ್ನುತ್ತಾಳೆ. ರೈಲಿನ ಊರಿನ ಹುಡುಗಿಗೆ ಇಷ್ಟು ಸಾಕು. ನಾನು ಇಂಗ್ಲಿಷ್ ಮನಸ್ಸಿಟ್ಟು ಕಲಿತದ್ದು ಆ ಬದಿಯ ಉಳಿದ ಹಾಡುಗಳಿಗಾಗಿ.

ಗೆಳತಿ ಹತ್ತನೆಯ ತರಗತಿ ಮುಗಿಯುತ್ತಲೇ ಮದುವೆಯಾಗಿ ಮಡಗಾವಿಗೆ ಹೋದಳು. ಹೋಗುವಾಗ ಕ್ಯಾಸೆಟ್ ನಿನ್ನ ಹತ್ತಿರವೇ ಇರಲಿ ಎಂದಳು. ನಾನು ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮಾಡಿದೆ. ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿ ಕುಂದಗೋಳ ತಾಲೂಕಿಗೆ ಬಂದೆ. ಕುಬಿಹಾಳದಲ್ಲಿ ಒಬ್ಬ ಅಜ್ಜಿಯ ಮನೆಯ ಹಿಂದಿನ ಖೋಲಿ ಬಾಡಿಗೆಗೆ ಸಿಕ್ಕಿತು. ಕಾಡಿನ ಅಂಚಿನಲ್ಲಿ ಬೆಳೆದವಳಿಗೆ ಈ ಎರಿನೆಲ, ಈ ಕಪ್ಪು ಬಯಲು, ಮೊದಲು ಬಹಳ ಹೆದರಿಕೆ ಹುಟ್ಟಿಸಿತು. ಎತ್ತ ನೋಡಿದರೂ ಕಣ್ಣಿಗೆ ಅಡ್ಡಬರುವ ಒಂದು ಮರವಿಲ್ಲ. ಹತ್ತಿ, ಮೆಣಸಿನಕಾಯಿ, ಅದರಾಚೆ ಬರೀ ಆಕಾಶ. ಒಂದೆರಡು ವರ್ಷ ತಡೆದುಕೊಂಡರೆ ಅಳ್ನಾವರದ ಕಡೆ ಟ್ರಾನ್ಸ್‌ಫರ್ ಆಗುತ್ತದೆ ಎಂದು ಎಲ್ಲರೂ ಹೇಳಿದರು.

ನನ್ನ ಮದುವೆಯೂ ಆ ಟ್ರಾನ್ಸ್‌ಫರಿಗೇ ಕಟ್ಟಿಹಾಕಿಕೊಂಡಿತು. ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನದು ಅಳ್ನಾವರದಲ್ಲೇ ಅರಣ್ಯ ಇಲಾಖೆಯ ನೌಕರಿ. ನೋಡಲು ಬಂದಾಗ ಅವನು ನನ್ನೊಡನೆ ಹಾಡಿನ ವಿಷಯ, ಪಕ್ಷಿಗಳ ವಿಷಯ ಮಾತಾಡಿದ್ದ. ನನಗೆ ಮನಸ್ಸಿಗೆ ಬಂದಿತ್ತು. "ಟ್ರಾನ್ಸ್‌ಫರ್ ಆಗ್ಲಿ, ಮದುವಿ ಮಾಡೂಣು. ಗಂಡ ಒಂದು ಊರು ಹೆಂಡ್ತಿ ಒಂದು ಊರು ಆದ್ರ ಸಂಸಾರ ಹ್ಯಾಂಗ?" ಎಂದರು ಅವರ ಕಡೆಯವರು. ಆ ವರ್ಷ ಆಗಲಿಲ್ಲ. ಮರುವರ್ಷವೂ ಆಗಲಿಲ್ಲ. ಅವರು ಬೇರೆ ಕಡೆ ಹೆಣ್ಣು ನೋಡಿದರು. ಆಮೇಲೆ ಬಂದವರೂ ಇದೇ ಮಾತಾಡಿದರು, ಆಮೇಲೆ ಬರುವುದೇ ನಿಂತಿತು. ಅಪ್ಪ ತೀರಿಕೊಂಡ. ಅವ್ವ ಕೊನೆಯ ವರ್ಷಗಳಲ್ಲಿ ನನ್ನ ಜೊತೆ ಕುಬಿಹಾಳದಲ್ಲೇ ಇದ್ದಳು, ಇಲ್ಲೇ ಹೋದಳು. ನಾನು ಮಾತ್ರ ಪ್ರತಿವರ್ಷ ತಪ್ಪದೆ ಅರ್ಜಿ ಹಾಕುತ್ತ ಬಂದೆ.

ದಿನವಿಡೀ ಶಾಲೆಯಲ್ಲಿ ಗಂಟಲು ಬೀಳುವಷ್ಟು ಮಾತಾಡಿ ಮನೆಗೆ ಬಂದು ಬೀಗ ತೆಗೆದರೆ, ಮರುದಿನ ಬೆಳಗಿನವರೆಗೆ ಬಾಯಿ ತೆರೆಯುವ ಕಾರಣವಿರುತ್ತಿರಲಿಲ್ಲ. ಅಜ್ಜಿ ಹೊತ್ತು ಮುಳುಗುವ ಮೊದಲೇ ಉಂಡು ಒಳಗಾಗುವವಳು. ಒಬ್ಬಳಿಗಾಗಿ ಹಿಟ್ಟು ನಾದುವುದೆಂದರೆ ಬೇಸರ. ಎರಡು ದಿನದ ರೊಟ್ಟಿ ಒಮ್ಮೆಲೇ ಬಡಿದಿಡುತ್ತಿದ್ದೆ. ಫೋನು ಗುಂಯ್‌ಗುಟ್ಟಿದರೆ ಇಲಾಖೆಯ ಸುತ್ತೋಲೆ. ಒಮ್ಮೊಮ್ಮೆ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ತಪ್ಪುಗಳನ್ನು ಗಟ್ಟಿಯಾಗಿ ಓದಿ, ಅದಕ್ಕೆ ನಾನೇ ಬೈದು, ನಾನೇ ನಗುತ್ತಿದ್ದೆ. ಖೋಲಿಯಲ್ಲಿ ಮನುಷ್ಯರ ದನಿ ಇರಲಿ ಎಂದು.

ಮೂರು ವರ್ಷದ ಹಿಂದೆ ಅಜ್ಜಿ ಮುಂದಿನ ಖೋಲಿಯನ್ನು ಒಬ್ಬ ನರ್ಸಿಗೆ ಬಾಡಿಗೆಗೆ ಕೊಟ್ಟಳು. ನವಲಗುಂದದ ಹುಡುಗಿ. ಅವರ ಮನೆಯಲ್ಲಿ ಹೆಂಗಸರು ತಲೆಮಾರಿನಿಂದ ಜಮಖಾನೆ ನೇಯುವವರು. ಅವಳು ಆಸ್ಪತ್ರೆಯ ಕೆಲಸಕ್ಕೆ ಬಂದು ಇನ್ನೂ ಕಂತ್ರಾಟಿನ ಮೇಲಿದ್ದಳು. ನನ್ನ ವಿದ್ಯಾರ್ಥಿನಿಯಾಗಬಹುದಾದ ವಯಸ್ಸು. ಎದುರಾದಾಗ, "ಊಟ ಆತೇನ್ರಿ ಅಕ್ಕಾರ?" ಎನ್ನುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಅಷ್ಟೇ.

ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಅವಳು ಮಾಳಿಗೆಯ ಮೇಲೆ ಫೋನು ಹಿಡಿದು ಅಡ್ಡಾಡುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ನಾನು ಮೊದಲು ಲಕ್ಷ್ಯ ಕೊಡಲಿಲ್ಲ. ಆಮೇಲೆ ನನ್ನ ಕಸಬರಿಗೆ ತಾನಾಗಿಯೇ ನಿಂತಿತು.

"ಈಗ ಏನಂದಿ? ಇನ್ನೊಮ್ಮೆ ಅನ್ನು" ಎಂದು ಕೆಳಗಿನಿಂದ ಕೂಗಿದೆ.

ಅವಳು ಗಾಬರಿಯಾದಳು. "ಯಾಕ್ರಿ ಅಕ್ಕಾರ, ನಿದ್ದಿ ಕೆಡಿಸಿದ್ನೇನ್ರಿ?"

"ನಿದ್ದಿ ಅಲ್ಲ. ಕಡೀಕ ಅಂದೆಲ್ಲ, ಅದನ್ನ ಅನ್ನು."

"ಇಶ್ ಬ್ಲೈಬ ಹಿಯರ್" ಎಂದಳು ಅವಳು. "ಜರ್ಮನ್‌ರಿ. ಪರೀಕ್ಷಾ ಕಟ್ಟೀನಿ. ಪಾಸಾದ್ರ ಅಲ್ಲಿ ನರ್ಸ್ ಕೆಲಸಕ್ಕ ತಗೋತಾರ."

"ಹಂಗಂದ್ರ ಏನು?"

"ನಾ ಇಲ್ಲೇ ಇರ್ತೀನಿ ಅಂತ."

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನಗು ಬಂತು. ತಡೆಯಲಾಗದಷ್ಟು ಬಂತು. ಹುಡುಗಿ ಮೆಟ್ಟಿಲಿಳಿದು ಓಡಿಬಂದು, ನಗುತ್ತಿದ್ದೇನೋ ಅಳುತ್ತಿದ್ದೇನೋ ತಿಳಿಯದೆ ನನ್ನ ನಾಡಿ ಹಿಡಿದು ನೋಡಿದಳು. ಹೀರೇಕಾಯಿಯ ಕತೆ ಹೇಳಿದೆ. ಅವಳೂ ನನ್ನ ಪಕ್ಕ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಬಾಗಿಲಿಗೆ ಬಂದು, "ಮುಂಜ್‌ಮುಂಜಾನೆ ಏನಾತ್ರವಾ ಇಬ್ಬರಿಗೂ?" ಎಂದಳು.

ಕ್ಯಾಸೆಟ್ ನನ್ನ ಟ್ರಂಕಿನಲ್ಲಿ ಹಳೆಯ ಸೀರೆಯೊಂದರ ಮಡಿಕೆಯಲ್ಲಿತ್ತು. ಕೇಳಿ ಎಷ್ಟೋ ವರ್ಷವಾಗಿತ್ತು. ಕೇಳುವ ಯಂತ್ರವೇ ಮನೆಯಲ್ಲಿರಲಿಲ್ಲ. ಮುಂದಿನ ರವಿವಾರ ಹುಬ್ಬಳ್ಳಿಗೆ ಹೋಗಿ ಹಳೆಯ ರೇಡಿಯೋ ದುರಸ್ತಿ ಮಾಡುವವರೊಬ್ಬರನ್ನು ಹುಡುಕಿದೆ. ಅವರು ರೀಲನ್ನು ಪೆನ್ಸಿಲಿನಿಂದ ನಾಜೂಕಾಗಿ ಸುತ್ತಿ, ಒಣಗಿದ ಕಡೆ ಒರೆಸಿ, ಎರಡೂ ಬದಿಯನ್ನು ನನ್ನ ಫೋನಿಗೆ ಇಳಿಸಿಕೊಟ್ಟರು. ಬಸ್ಸಿನಲ್ಲಿ ಬರುವಾಗ ಕಿವಿಗೆ ಹಾಕಿಕೊಂಡು ಕೇಳಬಹುದಿತ್ತು. ಕೇಳಲಿಲ್ಲ. ಒಬ್ಬಳೇ ಕೇಳಬಾರದೆನ್ನಿಸಿತು.

ಅಂದಿನಿಂದ ಅವಳ ಡ್ಯೂಟಿ ಮುಗಿದ ಸಂಜೆಗಳಲ್ಲಿ ನಾವಿಬ್ಬರೂ ಮಾಳಿಗೆಯ ಮೇಲೆ ಕೂಡತೊಡಗಿದೆವು. ಇಂಗ್ಲಿಷ್ ಬದಿ ನನ್ನ ಪಾಲು, ಜರ್ಮನ್ ಬದಿ ಅವಳ ಪಾಲು. ಒಂದು ಸಾಲು ಅವಳು ಹೇಳಬೇಕು, ಅದೇ ರಾಗದ ಸಾಲನ್ನು ನಾನು ಹೇಳಬೇಕು, ಆಮೇಲೆ ಎರಡನ್ನೂ ಕನ್ನಡದಲ್ಲಿ ಎದುರುಬದುರು ಕೂಡಿಸಬೇಕು. ತಿಳಿಯದ ಕಡೆ ಅವಳು ತನ್ನ ಜರ್ಮನ್ ಕ್ಲಾಸಿನ ಮೇಡಮ್ಮಿಗೆ ಫೋನಿನಲ್ಲೇ ಕೇಳುತ್ತಿದ್ದಳು.

ಮೊದಲ ಹಾಡಿನಲ್ಲೇ ಬೆರಗಾಯಿತು. ಇಂಗ್ಲಿಷಿನಲ್ಲಿ ಊರು ಬಿಡುವ ಯುವಕನನ್ನು ಚಂದ್ರ ನೋಡುತ್ತಿದ್ದಾನೆ, ದಾರಿಗೆ ಬೆಳ್ಳಿ ಹಾಸಿದ್ದಾನೆ. ಜರ್ಮನ್ನಿನಲ್ಲಿ ಚಂದ್ರ ಎಲ್ಲೂ ಇಲ್ಲ. ಅಲ್ಲಿರುವವಳು ತಾಯಿ. ಏನಾದರೂ ತಿಂದು ಹೋಗು, ನಿನ್ನ ಅಂಗಿ ಇನ್ನೂ ಒಣಗಿಲ್ಲ, ಹಸಿಯದು ಹಾಕಿಕೊಂಡು ಹೋದರೆ ಕೆಮ್ಮು ಬರುತ್ತದೆ ಎನ್ನುತ್ತಾಳೆ.

"ಅವ್ವನ್ನ ತಗದು ಚಂದ್ರನ್ನ ಹಾಕ್ಯಾರಲ್ರಿ!" ಎಂದಳು ಹುಡುಗಿ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಮತ್ತೊಂದರಲ್ಲಿ ಗಂಡಹೆಂಡತಿ ಪಾತ್ರೆ ತೊಳೆಯುವ ಸರದಿ ಯಾರದೆಂದು ಜಗಳವಾಡುತ್ತಾರೆ. ಇಂಗ್ಲಿಷಿನಲ್ಲಿ ಅದೇ ರಾಗಕ್ಕೆ ನೀನೇ ನನ್ನ ಸೂರ್ಯ, ನೀನೇ ನನ್ನ ಕಡಲು ಎಂದು ಕೂಡಿಸಿದ್ದರು. ಹಿಮದ ಮೇಲಿನ ಮಕ್ಕಳ ಹಾಡೊಂದು ಎರಡರಲ್ಲೂ ಪದಕ್ಕೆ ಪದ ಒಂದೇ. "ಇದು ಅಗದಿ ಪ್ರಾಮಾಣಿಕ ಐತ್ರಿ ಅಕ್ಕಾರ, ಅದಕ್ಕ ರುಚಿ ಇಲ್ಲ" ಎಂದಳು. ಮೂಲವೇ ಯಾವಾಗಲೂ ಮೇಲು ಎಂದೂ ಹೇಳಲಾರೆ. ಜರ್ಮನ್ನಿನಲ್ಲಿ ಶನಿವಾರ ಬಂತು, ಕುಣಿಯೋಣ ಎಂದಷ್ಟೇ ಇದ್ದ ಒಂದು ಹಾಡಿಗೆ ಇಂಗ್ಲಿಷಿನಲ್ಲಿ ಬರೆದವರು ಖಾಲಿ ಬಸ್ಸಿನೊಳಗೆ ಉರಿಯುವ ದೀಪದ ಒಂದು ಸಾಲು ತಂದಿದ್ದರು. ಕುಂದಗೋಳದಿಂದ ಬರುವ ಕೊನೆಯ ಬಸ್ಸು ನಮ್ಮೂರಿನಲ್ಲಿ ಎಲ್ಲರನ್ನೂ ಇಳಿಸಿ ಹಾಗೆಯೇ ದೀಪ ಉರಿಸಿಕೊಂಡು ಹೋಗುವುದನ್ನು ನಾನು ಎಷ್ಟು ವರ್ಷ ನೋಡಿದ್ದೇನೆ! ಆ ಸಾಲನ್ನು ಯಾರಾದರೂ ಬೈದರೆ ನಾನು ಬಿಡುವವಳಲ್ಲ.

ದನಿಯ ವಿಷಯ ಮಾತ್ರ ನನ್ನ ಕಿವಿಗೇ ಮೊದಲು ಹೊಳೆದದ್ದು. ಇಂಗ್ಲಿಷ್ ಬದಿಯಲ್ಲಿ ಆ ಗಾಯಕಿ ಒಂದೊಂದು ಅಕ್ಷರವನ್ನೂ ಜೋಪಾನವಾಗಿ ಇಳಿಸುತ್ತಾಳೆ, ತಪ್ಪಬಾರದು ಎಂಬ ಎಚ್ಚರದಲ್ಲಿ. ನನ್ನ ಮಕ್ಕಳು ಎದ್ದು ನಿಂತು ಪಾಠ ಓದುವಾಗಿನ ದನಿ ಅದು. ಜರ್ಮನ್ ಬದಿಯಲ್ಲಿ ಅದೇ ಹೆಂಗಸು ಮಾತುಗಳನ್ನು ಅರ್ಧ ನುಂಗುತ್ತಾಳೆ, ಸಾಲಿನ ಕೊನೆಗೆ ಉಸಿರು ಬಿಡುತ್ತಾಳೆ, ಒಂದು ಕಡೆ ನಕ್ಕೂ ಬಿಡುತ್ತಾಳೆ. ಒಂದರಲ್ಲಿ ಅವಳು ಅತಿಥಿ, ಮತ್ತೊಂದರಲ್ಲಿ ಮನೆಯಾಕೆ. ಚಿಕ್ಕಂದಿನಲ್ಲಿ ಇದು ನಮಗೆ ಗೊತ್ತಾಗಿರಲಿಲ್ಲ.

ಮೂರನೆಯ ಹಾಡನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಅಂದು ಸಂಜೆ ಅಂಗಳದ ತುಂಬ ಅಜ್ಜಿಯ ಮೆಣಸಿನಕಾಯಿ ಒಣಹಾಕಿತ್ತು, ಮಾಳಿಗೆಯವರೆಗೂ ಘಾಟು. ಹುಡುಗಿ ಒಂದು ಸಾಲು ಕೇಳುತ್ತ, ನಿಲ್ಲಿಸುತ್ತ, ಮತ್ತೆ ಕೇಳುತ್ತ ಹೇಳಿದಳು. ಸ್ಟೇಶನ್. ಅವನು ಗಾಡಿಯ ಬಾಗಿಲಲ್ಲಿ ನಿಂತಿದ್ದಾನೆ. ನನ್ನ ಜೊತೆ ಬಾ ಎನ್ನುತ್ತಾನೆ. ಅವಳು ಎನ್ನುತ್ತಾಳೆ: ಒಲೆಯಲ್ಲಿ ರೊಟ್ಟಿ ಇಟ್ಟು ಬಂದಿದ್ದೇನೆ. ಈ ಊರಿನ ಕಿಟಕಿ ನನ್ನದು, ಈ ಬೀದಿಯ ನಾಯಿಗಳಿಗೆ ನನ್ನ ಗುರುತಿದೆ. ನೀನು ಹೋಗು, ಚೆನ್ನಾಗಿರು. ನಾನು ಇಲ್ಲೇ ಇರುತ್ತೇನೆ.

"ಮುಂದ?" ಎಂದೆ.

"ಮುಗೀತ್ರಿ. ಮತ್ತ ಪಲ್ಲವಿ."

"ಕಾಯ್ತೀನಿ ಅಂತಾಳಲ್ಲ, ಅದು ಎಲ್ಲೈತಿ?"

ಅವಳು ಮತ್ತೊಮ್ಮೆ ಮೊದಲಿನಿಂದ ಕೇಳಿದಳು. ಕಣ್ಣು ಮುಚ್ಚಿಕೊಂಡು ಕೇಳಿದಳು. "ಕಾಯೂದಕ್ಕ ವಾರ್ಟನ್ ಅಂತಾರ‍್ರಿ. ಆ ಶಬ್ದ ಇದರಾಗ ಎಲ್ಲೂ ಇಲ್ಲ. ಬರೇ ಇರ್ತೀನಿ ಅಂತಾಳ."

"ದೀಪ?"

"ದೀಪಾನೂ ಇಲ್ರಿ."

ನಾನು ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದೆ. ಹುಡುಗಿಗೆ ಏನನ್ನಿಸಿತೋ, ಸಮಾಧಾನ ಹೇಳುವವಳಂತೆ, "ಇಂಗ್ಲಿಷಿನ್ಯಾಗ ರಾಗಕ್ಕ ಕೂಡಬೇಕಲ್ರಿ, ಅದಕ್ಕ ಹಂಗ ಬರದಿರಬೇಕು" ಎಂದಳು. ಇದ್ದೀತು. ಮಾರುಕಟ್ಟೆಗಾಗಿ ಯಾರೋ ಒಂದು ದಿನದಲ್ಲಿ ಕೂತು ಬರೆದ ಹಾಡು. ಇಲ್ಲೇ ಇರುತ್ತೇನೆ ಎನ್ನುವ ಹೆಣ್ಣಿಗಿಂತ, ನಿನಗಾಗಿ ಕಾಯುತ್ತೇನೆ ಎನ್ನುವ ಹೆಣ್ಣು ಚೆನ್ನಾಗಿ ಮಾರಾಟವಾಗುತ್ತಾಳೆಂದು ಅವನಿಗೆ ಗೊತ್ತಿದ್ದಿರಬೇಕು. ಇಷ್ಟೆಲ್ಲ ತಿಳಿದೂ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ಹೇಳಲು ಬರುತ್ತಿರಲಿಲ್ಲ.

"ಅಕ್ಕಾರ, ಒಂದ್ ಮಾತು ಕೇಳ್ಲ್ಯಾ? ನೀವು ಯಾರನ್ನರೆ ಕಾದೀರೇನ್ರಿ?"

"ಟ್ರಾನ್ಸ್‌ಫರ್" ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ಆದರೆ ಆ ಉತ್ತರ ಸುಳ್ಳಾಗಿರಲಿಲ್ಲ. ಇಷ್ಟು ವರ್ಷ ನಾನು ಕುಬಿಹಾಳದಲ್ಲಿ ಇದ್ದೆನೆಂದು ಯಾರಾದರೂ ಹೇಳಿದ್ದರೆ ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಒಂದು ಒಳ್ಳೆಯ ಮಂಚ ಕೊಂಡಿರಲಿಲ್ಲ, ಇಲ್ಲಿಂದ ಹೋದ ಮೇಲೆ ಕೊಂಡರಾಯಿತು ಎಂದು. ಅಂಗಳದಲ್ಲಿ ಒಂದು ಗಿಡ ಹಚ್ಚಿರಲಿಲ್ಲ. ಊರಿನ ಹೆಂಗಸರು ಕರೆದರೆ ಹೋಗುತ್ತಿರಲಿಲ್ಲ. ಹೋಗುವವಳು, ಬಳಕೆ ಯಾಕೆ ಬೆಳೆಸಲಿ ಎಂದು.

ಈ ವಿಷಯ ಹೇಳಬೇಕಾದವಳು ಒಬ್ಬಳಿದ್ದಳು, ನನ್ನ ಚಿಕ್ಕಂದಿನ ಗೆಳತಿ. ಅಳ್ನಾವರದಲ್ಲಿ ಉಳಿದಿದ್ದ ಅವಳ ತಮ್ಮನಿಂದ ನಂಬರು ತೆಗೆದುಕೊಂಡು ಮಡಗಾವಿಗೆ ಫೋನು ಮಾಡಿದೆ. ಹಲೋ ಎಂದ ದನಿ ದಪ್ಪಗಾಗಿತ್ತು, ಕೊಂಕಣಿಯ ಎಳೆತ ಸೇರಿತ್ತು. ನನ್ನ ಹೆಸರು ಹೇಳುತ್ತಲೇ, "ಏ ನೀ ಏನ ಬೇ! ಎಷ್ಟ್ ವರ್ಷಾತು! ಆರಾಮ ಅದೀಯಿಲ್ಲ?" ಎಂದು ಕೂಗಿದಳು. ಅವಳಿಗೆ ಮೊಮ್ಮಗಳು ಹುಟ್ಟಿದ್ದಳು. ಮೊಣಕಾಲು ನೋವು. ಚಾಚಾ ತೀರಿಕೊಂಡ ದಿನದ ಕತೆ ಹೇಳಿದಳು. ನಾನು ಸಮಯ ನೋಡಿ, "ಆ ಕ್ಯಾಸೆಟ್ ನೆನಪೈತೇನ?" ಎಂದೆ.

"ಯಾವ ಕ್ಯಾಸೆಟ್?"

"ನಮ್ಮನ್ಯಾಗ ಇದ್ಲಲ್ಲ ಜ್ವರ ಬಂದಿದ್ದ ಹೆಣ್ಮಗಳು, ಆಕಿ ಕೊಟ್ಟಿದ್ಲು. ಹೀರಿಕಾಯಿ ಹಾಡು. ನೀ ಪಟ್ಟಿ ಹಿಡ್ಕೊಂಡು ಕುಣೀತಿದ್ದಿ."

"ನಾ ಕುಣೀತಿದ್ನಾ?" ನಕ್ಕಳು. "ಖರೇನ ನೆನಪಿಲ್ಲ ಬೇ. ನಿನಗ ನಮ್ಮಪ್ಪ ಉಳಿದ ತುಂಡು ಅರಿವಿಲೆ ಫ್ರಾಕ್ ಹೊಲಿದು ಕೊಟ್ಟಿದ್ದ, ಅದು ನೆನಪೈತಿ. ಹಸರು, ಕೆಂಪು."

ಫ್ರಾಕು ನನಗೆ ನೆನಪಿರಲಿಲ್ಲ. ನಾನು ಫೋನಿನಲ್ಲೇ ಹಾಡಿ ತೋರಿಸಿದೆ. ಆ ಕಡೆ ಮಗು ಅಳುತ್ತಿತ್ತು, ಯಾರೋ ಅವಳನ್ನು ಕರೆಯುತ್ತಿದ್ದರು. ನಾನು ನಿಲ್ಲಿಸಿದ ಮೇಲೆ ಅವಳು, "ಚಲೋ ಐತಿ" ಎಂದಳು. ಪ್ರೀತಿಯಿಂದಲೇ ಎಂದಳು. ಮಡಗಾವಿಗೆ ಬಾ ಎಂದು ಮತ್ತೆ ಮತ್ತೆ ಕರೆದಳು. ಅವಳ ತಪ್ಪು ಏನೂ ಇರಲಿಲ್ಲ. ಆ ಶುಕ್ರವಾರಗಳು ನಮ್ಮಿಬ್ಬರವು ಎಂದು ನಾನು ನಂಬಿದ್ದೆ. ಅವು ನನ್ನೊಬ್ಬಳವು ಎಂದು ಅಂದು ತಿಳಿಯಿತು.

ಹುಡುಗಿ ಪರೀಕ್ಷೆ ಪಾಸಾದಳು. ಕಾಗದಪತ್ರವೆಲ್ಲ ಆಗಲು ಇನ್ನೊಂದು ವರ್ಷ ಹಿಡಿಯಿತು. ಹೊರಡುವ ಮೊದಲು ನವಲಗುಂದದ ಅವರ ಮನೆಗೆ ಊಟಕ್ಕೆ ಕರೆದಿದ್ದಳು. ಅವಳ ತಾಯಿ ಮಗ್ಗದ ಮುಂದೆ ಕುಳಿತು ನೇಯುತ್ತಲೇ ನನ್ನನ್ನು ಮಾತಾಡಿಸಿದರು. "ಮಗಳು ಜರ್ಮನ್ ಕಲತಿದ್ದು ನಿಮ್ಮಿಂದ ಅಂತ್ರಿ ಅಕ್ಕಾರ" ಎಂದರು. ನಾನು ಇಲ್ಲವೆಂದೆ, ಅವಳಿಂದಲೇ ನನಗೆ ಮೂರು ಮಾತು ಬಂದದ್ದು ಎಂದೆ. ಅವರು ನಂಬಲಿಲ್ಲ. ಹುಡುಗಿ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಅವಳ ಇಡೀ ಬಳಗ ಸುತ್ತ ನೆರೆದಿತ್ತು. ನಾನು ಹಿಂದೆ ನಿಂತಿದ್ದೆ. ಅವಳು ಎಲ್ಲರನ್ನೂ ಸರಿಸಿಕೊಂಡು ಬಂದು ನನ್ನ ಕೈ ಹಿಡಿದು ಒತ್ತಿ ಬಸ್ಸು ಹತ್ತಿದಳು.

ಕುಬಿಹಾಳದ ಆ ಮಾಳಿಗೆ ಮತ್ತೆ ಖಾಲಿಯಾಯಿತು. ಹಿಂದೆಯೂ ಖಾಲಿ ಇತ್ತು. ಆದರೆ ಈಗಿನ ಖಾಲಿ ಬೇರೆ ತರಹದ್ದು. ಸಂಜೆ ಮೆಟ್ಟಿಲು ಹತ್ತಿ ಅರ್ಧಕ್ಕೆ ನಿಂತು ಇಳಿದುಬರುತ್ತಿದ್ದೆ.

ಅದೇ ವರ್ಷ ನನ್ನ ಸೇವಾ ಹಿರಿತನಕ್ಕೆ ಅಳ್ನಾವರದ ಜಾಗ ಸಿಗುವುದು ಖಾತ್ರಿ ಎಂದು ಕಚೇರಿಯವರು ಹೇಳಿದರು. ಅರ್ಜಿ ಹಾಕುವ ಮೊದಲು ಒಂದು ರವಿವಾರ ಊರು ನೋಡಿಬರಲು ಹೋದೆ. ಸ್ಟೇಶನ್ ಹೊಸದಾಗಿತ್ತು. ಅಪ್ಪನ ಅಂಗಡಿಯಿದ್ದ ಜಾಗದಲ್ಲಿ ಮೋಟರ್ ಸೈಕಲ್ ನಿಲ್ಲಿಸಲು ಶೆಡ್ಡು ಹಾಕಿದ್ದರು. ಚಾಚಾನ ಅಂಗಡಿ ಮೊಬೈಲ್ ಮಾರುವ ಅಂಗಡಿಯಾಗಿತ್ತು. ನಾವಿದ್ದ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಒಬ್ಬ ಹೆಂಗಸು ಬಂದು, "ಯಾರು ಬೇಕಾಗಿತ್ರಿ?" ಎಂದು ಕೇಳಿದಳು. ತಪ್ಪಿ ಬಂದೆ ಎಂದೆ. ಪ್ಲಾಟ್‌ಫಾರ್ಮಿನಲ್ಲಿ ಕುಳಿತು ಎರಡು ಗಾಡಿ ಹೋಗುವುದನ್ನು ನೋಡಿದೆ. ಮೋಡ ಕವಿದಿತ್ತು. ಕುಬಿಹಾಳದಲ್ಲೂ ಮಳೆ ಬಂದರೆ ಅಜ್ಜಿಯ ಮೆಣಸಿನಕಾಯಿ ಒಳಗೆ ಹೊತ್ತು ಹಾಕುವವರು ಯಾರು ಎಂಬ ಚಿಂತೆ ಹತ್ತಿತು. ಅವಸರದಲ್ಲಿ ಬಸ್ಸು ಹಿಡಿದೆ.

ಆ ಸಲ ಅರ್ಜಿ ಹಾಕಲಿಲ್ಲ. ಹೆಡ್ ಮಾಸ್ತರರು ಕರೆದು ಕೇಳಿದರು. "ಯಾಕ್ರಿ ಮೇಡಮ್? ಇಷ್ಟ್ ವರ್ಷ ಬಡದಾಡಿ ಈಗ ಕೈಗೆ ಬಂದಿದ್ದು ಬಿಡ್ತೀರಿ?"

"ಸುಮ್ನ ಸರ್" ಎಂದೆ.

ಒಂದು ಹಾಡಿನ ಪಲ್ಲವಿ ಕೇಳಿ ಬದುಕು ತಿದ್ದಿಕೊಂಡೆನೆಂದು ಯಾರೂ ತಿಳಿಯಬಾರದು. ಹೋಗಲು ಅಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೇ. ಇಲ್ಲಿಯೂ ಬಹಳವೇನೂ ಇಲ್ಲ. ಒಂಟಿತನ ಕಡಿಮೆಯಾಯಿತೇ ಎಂದು ಕೇಳಿದರೆ, ಇಲ್ಲ. ಆದರೆ ಒಂದು ಮಂಚ ಮಾಡಿಸಿದೆ. ಊರಿನ ಬಡಿಗೇರನೇ ಮಾಡಿಕೊಟ್ಟ. ಅಂಗಳದ ಮೂಲೆಯಲ್ಲಿ ಒಂದು ನುಗ್ಗೆ ಹಚ್ಚಿದ್ದೇನೆ. ಎರಿನೆಲಕ್ಕೆ ಬೇಗ ಎದ್ದಿದೆ.

ಜರ್ಮನಿಯಿಂದ ಮೊದಮೊದಲು ಹುಡುಗಿ ಫೋಟೋ ಕಳಿಸುತ್ತಿದ್ದಳು. ಅವಳಿಗೆ ವೃದ್ಧರ ಆರೈಕೆಯ ಮನೆಯಲ್ಲಿ ಕೆಲಸ. ಒಂದು ದಿನ ವಾಟ್ಸಾಪಿನಲ್ಲಿ ಅವಳ ದನಿ ಬಂತು. "ಅಕ್ಕಾರ, ನಮ್ಮ ಹಾಡು ಇಲ್ಲಿ ಎಲ್ಲಾರ ಮುಂದ ಹಾಡಿ ತೋರಿಸಿದೆ. ಜರ್ಮನ್ನಿಂದು ಯಾರಿಗೂ ಗೊತ್ತಿಲ್ರಿ! ಒಬ್ಬ ಅಜ್ಜನಿಗೆ ಇಂಗ್ಲಿಷಿಂದು ಬರತೈತಿ. ಪೂರ್ತಿ ಹಾಡಿದ. ಇದು ಅಮೆರಿಕದ್ದು, ನಿನಗೇನು ಗೊತ್ತು ಅಂತ ನನಗ ಜೋರು ಮಾಡಿದ." ಅವಳು ನಗುತ್ತಿದ್ದಳು. ನಾನು ಖೋಲಿಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅದನ್ನು ಇನ್ನೊಬ್ಬರಿಗೆ ಹೇಳಬೇಕೆನ್ನಿಸಿತು. ಎಲ್ಲಿಂದ ಶುರುಮಾಡಿ ಹೇಳುವುದು? ಅಜ್ಜಿಗೆ ಹೇಳಿದೆ. ಅವಳು, "ಹೌದೇನವಾ" ಎಂದು ಎಲೆಗೆ ಸುಣ್ಣ ಸವರಿಕೊಂಡಳು.

ಆಮೇಲೆ ಹುಡುಗಿಯ ಫೋಟೋಗಳು ಕಡಿಮೆಯಾದವು. ಚಳಿಗಾಲ ಬಂದಿತ್ತು. ಒಂದು ರವಿವಾರ ಮಧ್ಯಾಹ್ನ ಫೋನು ಮಾಡಿದಳು. ದನಿ ಸಣ್ಣದಾಗಿತ್ತು.

"ಇಲ್ಲಿ ರವಿವಾರ ಎಲ್ಲಾ ಬಂದ್ ಇರತೈತ್ರಿ. ರಸ್ತೆ ಮ್ಯಾಲ ಒಬ್ಬರೂ ಇರೂದಿಲ್ಲ. ಮನಿಗೆ ಫೋನ್ ಮಾಡಿದ್ರ ಅವ್ವ ಅಳ್ತಾಳ, ಅದಕ್ಕ ಮಾಡೂದಿಲ್ಲ. ಅಕ್ಕಾರ, ನೀವು ಏನರೆ ಮಾತಾಡ್ರಿ."

"ಏನ್ ಮಾತಾಡ್ಲಿ?"

"ಏನರೆ. ನಾ ಮಾತಾಡೂದಿಲ್ಲ, ಬರೇ ಕೇಳ್ತೀನಿ."

ಅಂದಿನಿಂದ ರವಿವಾರ ಮಧ್ಯಾಹ್ನ ಫೋನು ಕಿವಿಗಿಟ್ಟುಕೊಂಡು ಮಾತಾಡುತ್ತೇನೆ. ಸಂತೆಯಿಂದ ಏನು ತಂದೆ, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದದ್ದು, ಒಂಬತ್ತನೆಯ ತರಗತಿಯವರು ಬರೆದ ತಪ್ಪುಗಳು, ಅಜ್ಜಿಗೂ ಅವಳ ತಂಗಿಗೂ ಬಾವಿಯ ಹಗ್ಗಕ್ಕಾಗಿ ನಡೆದ ಜಗಳ, ಆ ಜಗಳದಲ್ಲಿ ಊರಿನ ಹೆಂಗಸರು ನನ್ನನ್ನೇ ಪಂಚಾಯ್ತಿಗೆ ಕರೆದದ್ದು. ಅವಳು ಹೂಂ ಎನ್ನುವುದಿಲ್ಲ, ನಗುವುದಿಲ್ಲ. ಒಮ್ಮೊಮ್ಮೆ ಲೈನು ಕಡಿದುಹೋಗಿದೆಯೇನೋ ಎಂದು ನಿಲ್ಲಿಸಿದರೆ, ಅಷ್ಟು ದೂರದಿಂದ ಮೆಲ್ಲಗೆ, "ಹೇಳ್ರಿ ಅಕ್ಕಾರ, ಮುಂದ?" ಎನ್ನುತ್ತಾಳೆ.